ಎತ್ತಿದ ಕೈ

ಒಬ್ಬರದು ಅಡುಗೆಯಲ್ಲಿ ಎತ್ತಿದ ಕೈ, ಇನ್ನೊಬ್ಬರದು ಹೊಲಿಗೆಯಲ್ಲಿ, ಮತ್ತೊಬ್ಬರದು ಸುಳ್ಳು ಹೇಳುವುದರಲ್ಲಿ. ಕೈಯಕ್ಕನಿಗೆ ಈ ಮೂರರಲ್ಲೂ ಹೆಸರಿರಲಿಲ್ಲ. ಅವಳ ಅಡುಗೆಗೆ ಉಪ್ಪು ಒಂದೋ ಹೆಚ್ಚು, ಇಲ್ಲವೇ ಕಡಿಮೆ. ಅವಳು ಹೊಲಿದ ಗುಂಡಿ ಗಂಡನ ಅಂಗಿಯಿಂದ ವಾರದೊಳಗೆ ಉದುರುತ್ತಿತ್ತು. ಸುಳ್ಳು ಹೇಳಲು ಹೊರಟರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳುತ್ತಿದ್ದಳು. ಆದರೂ ಆ ಮಾತಿನ ನೇರ ಅರ್ಥದಲ್ಲಿ ಎತ್ತಿದ ಕೈ ಎನ್ನುವುದು ಆ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಅವಳೊಬ್ಬಳಿಗೇ. ಅವಳು ಕೈ ಎತ್ತಿದರೆ ರೈಲು ನಿಲ್ಲುತ್ತಿತ್ತು. ಎತ್ತದಿದ್ದರೆ ನಿಲ್ಲದೆ ಹೋಗುತ್ತಿತ್ತು. ಅವಳಿಗೆ ಆ ಹೆಸರು ಬಿದ್ದದ್ದೂ ಹಾಗೆಯೇ.

ಆ ರೈಲುದಾರಿ ಬಂದರಿನ ಪಟ್ಟಣದಲ್ಲಿ ಹುಟ್ಟಿ, ಸಮುದ್ರದ ಅಂಚು ಹಿಡಿದು ಬಂದು, ಈ ಊರು ದಾಟುತ್ತಿದ್ದಂತೆ ನೀರಿಗೆ ಬೆನ್ನು ಹಾಕಿ ಒಳನಾಡಿನ ಗುಡ್ಡ ಹತ್ತುತ್ತದೆ. ಕೆಳಗಿನವು ಮೀನಿನವರ ಊರುಗಳು, ಮೇಲಿನವು ಕಲ್ಲುಗಣಿಯವರ ಊರುಗಳು. ಮೀನಿನವರ ಪ್ರಕಾರ ಕಲ್ಲಿನವರು ಒರಟರು. ಕಲ್ಲಿನವರ ಪ್ರಕಾರ ಮೀನಿನವರು ಹತ್ತಿರ ಕೂರಿಸಿಕೊಳ್ಳಲಾಗದ ಜನ. ಹೀಗೆಂದುಕೊಂಡೇ ಹೆಣ್ಣು ಕೊಡುತ್ತಿದ್ದರು, ತರುತ್ತಿದ್ದರು, ಒಂದೇ ಡಬ್ಬಿಯಲ್ಲಿ ಒತ್ತಿಕೊಂಡು ಕೂತು ಬೀಗರ ಮನೆಗೆ ಹೋಗುತ್ತಿದ್ದರು. ಕಾಡು ಬಳಸಿ ಹೋಗುವ ರಸ್ತೆಯೊಂದಿತ್ತು. ಅದರಲ್ಲಿ ಹೋದವರು ರೈಲಿನ ಬೆಲೆ ತಿಳಿದು ವಾಪಸು ಬರುತ್ತಿದ್ದರು.

ಈ ಊರಿನದು ಸ್ಟೇಷನ್ ಅಲ್ಲ, ಬರೀ ಹಾಲ್ಟ್. ಒಂದು ಸಿಮೆಂಟಿನ ಕಟ್ಟೆ, ಒಂದು ಬೆಂಚು, ತಗಡಿನ ಸೂರಿನ ಒಂದು ಕೋಣೆ, ಕೋಣೆಗೊಂದು ಟಿಕೆಟ್ ಕಿಟಕಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಒಳಗಿನವರನ್ನು ಒಳಗೇ ಇಡುತ್ತಿದ್ದ ಒಂದು ಚಿಲಕ. ಹತ್ತುವವರೋ ಇಳಿಯುವವರೋ ಇದ್ದರೆ ಮಾತ್ರ ಗಾಡಿ ನಿಲ್ಲಬೇಕು. ಇಳಿಯುವವರು ಗಾರ್ಡಿಗೆ ಮೊದಲೇ ಹೇಳುತ್ತಿದ್ದರು. ಹತ್ತುವವರಿದ್ದಾರೆ ಎನ್ನುವುದು ಡ್ರೈವರನಿಗೆ ತಿಳಿಯುತ್ತಿದ್ದದ್ದು ಕಟ್ಟೆಯ ಮೇಲೆ ಎತ್ತಿದ ಕೈಯಿಂದ.

ಮೊದಮೊದಲು ಯಾರು ಬೇಕಾದರೂ ಕೈ ತೋರಿಸಬಹುದಿತ್ತು. ಆ ಊರಿನವರೋ, ಕೈ ಕಟ್ಟಿಹಾಕಿದರೆ ಬಾಯಿಂದ ಮಾತೇ ಹೊರಡದ ಜನ. ಬಲೆಯ ಅಗಲ ಹೇಳಲು ಕೈ ಚಾಚಬೇಕು, ತಾವು ಹಿಡಿದ ಮೀನಿನ ಉದ್ದ ಹೇಳಲು ಇನ್ನೂ ಸ್ವಲ್ಪ ಚಾಚಬೇಕು. ಹೀಗಾಗಿ ಕಾಗೆ ಓಡಿಸಿದವನಿಗೆ ರೈಲು ನಿಂತಿತು. ಚಾದರ ಕೊಡವಿದವಳಿಗೆ ನಿಂತಿತು. ದೋಣಿಯಲ್ಲಿದ್ದ ತಮ್ಮನನ್ನು ದಡದಿಂದ ಬೈಯುತ್ತಿದ್ದ ಅಣ್ಣನಿಗೂ ನಿಂತಿತು. ಆಗಿನ ಡ್ರೈವರನಿಗೆ ಮುಖಕ್ಕಿಂತ ದೊಡ್ಡ ಮೀಸೆ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಅವನು ಎಂಜಿನ್‌ನಿಂದ ಇಳಿದು ಬಂದು ಕೂಗಾಡಿದ.

"ಹತ್ತೋರು ಒಬ್ರೂ ಇಲ್ಲ, ಕೈ ಮಾತ್ರ ಊರ್ ತುಂಬಾ! ನಾನೇನು ನಿಮ್ ಕಾಗೆ ನೋಡೋಕೆ ಬ್ರೇಕ್ ಹಾಕ್ಲಾ?"

ದೂರು ಮೇಲಕ್ಕೆ ಹೋಗಿ, ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಊರನ್ನು ಕಟ್ಟೆಯ ಮೇಲೆ ಸೇರಿಸಿ, ಇನ್ನೊಂದು ಸಲ ಸುಮ್ಮಸುಮ್ಮನೆ ಗಾಡಿ ನಿಂತರೆ ಹಾಲ್ಟನ್ನೇ ಕಿತ್ತುಹಾಕುತ್ತೇವೆ ಎಂದರು. ಜನ ತಮ್ಮದೇನೂ ತಪ್ಪಿಲ್ಲವೆಂದು ಎರಡೂ ಕೈ ಎತ್ತಿ ವಾದಿಸಿದರು. ದೂರದಲ್ಲಿ ಬರುತ್ತಿದ್ದ ಗೂಡ್ಸ್ ಗಾಡಿ ಅದನ್ನು ನೋಡಿ ನಿಂತೇಬಿಟ್ಟಿತು. ಆ ಗದ್ದಲದಲ್ಲಿ ಕೈ ಅಲ್ಲಾಡಿಸದೆ ನಿಂತಿದ್ದವಳು ಒಬ್ಬಳೇ, ದೋಣಿ ಎಂಜಿನ್ ರಿಪೇರಿ ಮಾಡುವವನ ಹೆಂಡತಿ. ಅದೇನೂ ಗಾಂಭೀರ್ಯವಲ್ಲ. ಅವಳ ಎರಡೂ ಕೈಯಲ್ಲಿ ಜ್ವರ ಬಂದ ಎಳೆಗೂಸಿತ್ತು.

"ಈಯಮ್ಮನ ಕೈ ಹಿಡಿತದಲ್ಲಿದೆ. ಇನ್ಮೇಲೆ ಇವರ ಕೈ ಒಂದೇ ಲೆಕ್ಕಕ್ಕೆ. ಅದು ಮೇಲೆದ್ರೆ ಯಾವ ಗಾಡಿ ಆದ್ರೂ ನಿಲ್ಲಬೇಕು. ಬೇರೆಯವರು ಕೈ ಕೆಳಗಿಡಿ," ಎಂದರು ಇನ್‌ಸ್ಪೆಕ್ಟರ್.

ಹೀಗೆ ಮಗಳ ದೆಸೆಯಿಂದ ತಾಯಿಗೆ ಕೆಲಸವಾಯಿತು. ರಿಪೇರಿಯವನು ಬಹಳ ವರ್ಷ ಇದನ್ನು ಹೇಳಿಕೊಂಡು ನಕ್ಕ. "ರೈಲ್ವೆಯವ್ರು ಕೆಲಸ ಕೊಟ್ಟಿದ್ದು ಮಗೂಗೆ. ಇವಳು ಎತ್ಕೊಂಡಿದ್ಲು ಅಷ್ಟೆ."

ಕೈಯಕ್ಕ ಕಟ್ಟೆ ಗುಡಿಸುತ್ತಿದ್ದಳು, ನೀರಿನ ಡ್ರಮ್ ತುಂಬಿಸುತ್ತಿದ್ದಳು, ಟಿಕೆಟ್ ಕೊಡುತ್ತಿದ್ದಳು. ಹಳಿಯಲ್ಲಿ ಸದ್ದು ಕೇಳಿದೊಡನೆ ಹೊರಗೆ ಬಂದು ಸುಣ್ಣ ಬಳಿದ ಕಲ್ಲಿನ ಪಕ್ಕ ನಿಲ್ಲುತ್ತಿದ್ದಳು. ಹತ್ತುವವರಿದ್ದರೆ ಬಲಗೈ ನೆಟ್ಟಗೆ ಮೇಲೆ, ಅಲುಗಾಡದಂತೆ. ಇಲ್ಲದಿದ್ದರೆ ಎರಡೂ ಕೈ ಬೆನ್ನ ಹಿಂದೆ. ಗಾಡಿ ಹೊರಟರೂ ಕೆಲಸ ಮುಗಿಯುತ್ತಿರಲಿಲ್ಲ. ಕೊನೆಯ ಡಬ್ಬಿ ಕಟ್ಟೆ ದಾಟುವ ತನಕ ಡ್ರೈವರ್ ಕತ್ತು ಹೊರಗೆ ಹಾಕಿ ಅವಳನ್ನೇ ನೋಡುತ್ತಿರಬೇಕು. ಯಾರದಾದರೂ ಕಾಲು ಜಾರಿದರೆ, ಯಾರಾದರೂ ಮಗುವನ್ನು ಬಿಟ್ಟು ಹತ್ತಿದ್ದರೆ ಅವಳು ಕೈ ಎತ್ತುತ್ತಾಳೆ, ಅವನು ಬ್ರೇಕ್ ಹಾಕುತ್ತಾನೆ. ಅಷ್ಟು ಹೊತ್ತೂ ಅವಳು ಮೂಗು ತುರಿಸಿಕೊಳ್ಳುವ ಹಾಗಿರಲಿಲ್ಲ. ಒಮ್ಮೆ ಹಣೆಯ ಮೇಲೆ ಕಣಜದ ಹುಳು ಕೂತಿತು. ಕೈಯಕ್ಕ ನಿಂತೇ ಇದ್ದಳು, ಕಣಜ ತನ್ನ ಕೆಲಸ ಮುಗಿಸಿಕೊಂಡು ಹೋಯಿತು. ಮರುದಿನ ಒಂದು ಕಣ್ಣು ಮುಚ್ಚುವಷ್ಟು ಊದಿದ ಮುಖದಲ್ಲಿ ನಿಂತಿದ್ದರೂ ಮೀಸೆಗೆ ಏನೂ ಗೊತ್ತಾಗಲಿಲ್ಲ. ಅವನು ನೋಡುತ್ತಿದ್ದದ್ದು ಕೈ ಮಾತ್ರ.

"ನಿನ್ ಕೈ ಆದ್ರೆ ಸಾವಿರದಲ್ಲೂ ಗುರುತು ಹಿಡೀತೀನಿ ಅಕ್ಕ," ಎಂದು ಅವನೇ ಒಮ್ಮೆ ಹೇಳಿದ್ದ. "ಮುಖ ಸಂತೇಲಿ ಸಿಕ್ರೂ ಯಾರೋ ಅಂದ್ಕೊಂಡು ಮುಂದೆ ಹೋಗ್ತೀನಿ."

ಹಾಲ್ಟ್ ಹೋದೀತೆಂಬ ಭಯ ಊರಿನ ಮೈಗೆ ಹತ್ತಿಕೊಂಡಿತು. ಯಾರ ಕೈ ಎಂದು ದೂರದಿಂದ ಡ್ರೈವರನಿಗೆ ಹೇಗೆ ತಿಳಿಯಬೇಕು? ರೈಲಿನ ಸದ್ದು ಬಂದರೆ ಗಂಡಸರು ಕೈಯನ್ನು ಜೇಬಿಗೆ ಹಾಕಿದರು. ಹೆಂಗಸರು ಒಣಗಿಸುತ್ತಿದ್ದ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತರು. ಎಲ್ಲೆಡೆ ಕೂಸುಗಳು ಮೊದಲು ಕಲಿಯುವ ವಿದ್ಯೆ ಟಾಟಾ ಮಾಡುವುದು. ಈ ಊರಿನ ಕೂಸುಗಳಿಗೆ ಅದನ್ನು ಯಾರೂ ಕಲಿಸಲಿಲ್ಲ. ಹೊರಟವರಿಗೆ ಗದ್ದವನ್ನು ಒಂದಿಷ್ಟು ಮೇಲೆತ್ತಿ ತೋರಿಸಿದರೆ ಅದೇ ಬೀಳ್ಕೊಡುಗೆ. ಕೊನೆಗೆ ರೈಲಿಲ್ಲದ ಕಡೆಯಲ್ಲೂ ಅದೇ ಅಭ್ಯಾಸವಾಯಿತು. ದೋಣಿ ಹತ್ತುವ ಮಗನಿಗೂ ಗದ್ದ, ಗಂಡನ ಮನೆಗೆ ನಡೆದುಹೋಗುವ ಮಗಳಿಗೂ ಗದ್ದ.

ಕೈಯಕ್ಕನ ಮಗಳು ಆ ಕಟ್ಟೆಯ ಮೇಲೆಯೇ ಬೆಳೆದಳು. ಅಮ್ಮನ ಪಕ್ಕದಲ್ಲಿ, ಅಮ್ಮನ ಹಾಗೆಯೇ ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದಳು. ನೋಡಿದವರೆಲ್ಲ, "ಮುಂದಿನ ಕೈ ಇದೇ ಬಿಡು," ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಕೈಯಕ್ಕನಿಗೆ ಮಾತ್ರ ಅದು ಹಿಡಿಸುತ್ತಿರಲಿಲ್ಲ. ರೈಲು ನಿಲ್ಲಿಸುವವಳು ರೈಲು ಹತ್ತುವುದು ಯಾವಾಗ? ಮೇಲಿನ ಊರುಗಳು ಹೇಗಿವೆಯೆಂದು ಅವಳಿಗೆ ಗೊತ್ತಿದ್ದದ್ದು ಅಲ್ಲಿಂದ ಬಂದವರ ಚಪ್ಪಲಿಯ ಬಿಳಿ ಕಲ್ಲುಪುಡಿಯಿಂದಷ್ಟೇ. ಆ ಪುಡಿಯನ್ನು ದಿನವೂ ಗುಡಿಸುವವಳು ಅವಳೇ. ಬೆನ್ನ ಹಿಂದೆ ಕಟ್ಟಿದ ಒಂದು ಜೊತೆ ಕೈ ಒಂದು ಮನೆಗೆ ಸಾಕು ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದಳು. ಇದನ್ನು ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು ತಮಾಷೆ ಮಾಡುತ್ತಿದ್ದ.

ಮೇಲೆ, ದಾರಿಯ ಕೊನೆಯ ಪಟ್ಟಣದಲ್ಲಿ, ಹೊರಗಿನಿಂದ ಬರುವವರು ಉಳಿದುಕೊಳ್ಳುವ ಮನೆಯೊಂದಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಮಗಳಿಗೆ ಸಿಕ್ಕಿತು. ಅರ್ಜಿ ಹಾಕಿಸಿದ್ದು ಅಮ್ಮನೇ. ಹುಡುಗಿ ವಾರವಿಡೀ ಕುಣಿದಾಡಿದಳು. ಹೊರಡುವ ಹಿಂದಿನ ಸಂಜೆ ಪೆಟ್ಟಿಗೆ ತುಂಬುವಾಗ ಅವಳ ಧೈರ್ಯ ಉಡುಗಿತು.

"ಅಮ್ಮಾ, ನಾನು ಇಲ್ಲೇ ಇರ್ತೀನಿ. ನೀನಾದ್ಮೇಲೆ ಹಾಲ್ಟ್ ಕೆಲಸ ನಂಗೇ ಕೊಡ್ತಾರಂತೆ."

"ನಾಳೆ ಗಾಡಿ ಹತ್ತು."

"ನಂಗೆ ಭಯ ಆಗತ್ತೆ."

"ಎಲ್ರಿಗೂ ಆಗತ್ತೆ. ಆ ಹಳೇ ಸ್ವೆಟರ್ ಇಟ್ಕೊಂಡ್ಯಾ?"

ಮಗಳು ಮುಖ ಊದಿಸಿಕೊಂಡು ಮಲಗಿದಳು, ಮುಖ ಊದಿಸಿಕೊಂಡೇ ಬೆಳಿಗ್ಗೆ ರೈಲು ಹತ್ತಿದಳು. ಗಾಡಿ ಇನ್ನೇನು ಹೊರಡಬೇಕು, ಕಿಟಕಿಯಿಂದ ಬಾಗಿ ಅಮ್ಮನ ಕಿವಿಗಷ್ಟೇ ಕೇಳುವ ಹಾಗೆ ಹೇಳಿದಳು. "ನೀನು ಒಂದ್ಸಲ ಕೈ ಎತ್ತು ಸಾಕು. ಇಳಿದ್ಬಿಡ್ತೀನಿ."

ಗಾಡಿ ಕದಲಿತು. ಮುಂದೆ ಮೀಸೆ ಕತ್ತು ಹೊರಗೆ ಹಾಕಿ ಕೈಯಕ್ಕನನ್ನು ನೋಡುತ್ತಿದ್ದ. ಕಿಟಕಿಯಲ್ಲಿ ಮಗಳೂ ನೋಡುತ್ತಿದ್ದಳು. ಕೈ ಎತ್ತುವುದು ಎಷ್ಟು ಸುಲಭವೆಂದು ಕೈಯಕ್ಕನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಅವಳು ಬೆನ್ನ ಹಿಂದೆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ನಾಟಿದ ಗುರುತು ಮರುದಿನವೂ ಹೋಗಿರಲಿಲ್ಲ. ಮಗಳಿಗೆ ಕಂಡದ್ದು ಮುಂದಿನಿಂದ ನೋಡಿದರೆ ಕಾಣುವಷ್ಟು ಮಾತ್ರ: ಕಂಬದ ಹಾಗೆ ನಿಂತ ಅಮ್ಮ, ಒಂದಿಷ್ಟು ಮೇಲೆದ್ದ ಗದ್ದ.

ಆಮೇಲೆ ಮಗಳು ಊರಿಗೆ ಬರಲಿಲ್ಲವೆಂದಲ್ಲ. ಬಂದಳು, ನೆಂಟರು ಬಂದ ಹಾಗೆ. ಅಪ್ಪನ ಜೊತೆ ನಗುತ್ತಿದ್ದಳು. ಅಮ್ಮ ಕೇಳಿದ್ದಕ್ಕೆ ಹೂಂ, ಉಹೂಂ. ತಟ್ಟೆ ತೊಳೆಯಲು ಹೋದರೆ ಕೈಯಕ್ಕ, "ಇರ್ಲಿ ಬಿಡು," ಎನ್ನುತ್ತಿದ್ದಳು, ಮಗಳು ನಿಜವಾಗಿಯೂ ಬಿಟ್ಟುಬಿಡುತ್ತಿದ್ದಳು. ನಡೆದದ್ದನ್ನು ಬಿಡಿಸಿ ಹೇಳಬೇಕೆಂದು ಕೈಯಕ್ಕ ಎಷ್ಟೋ ಸಲ ಬಾಯಿ ತೆರೆದಳು. ಹೊರಗೆ ಬಂದದ್ದು ಮಾತ್ರ, "ಅಲ್ಲಿ ಚಳಿ ಜಾಸ್ತಿನಾ?" ಎನ್ನುವ ಪ್ರಶ್ನೆ. ಹಿಂದಿರುಗುವಾಗ ಮಗಳು ಕಾಡಿನ ರಸ್ತೆಯ ಬಸ್ಸು ಹಿಡಿಯುತ್ತಿದ್ದಳು. ಹೊಟ್ಟೆ ತೊಳಸಿದರೂ ಸರಿ, ಆ ಕಟ್ಟೆಯಿಂದ ಹೊರಡಲು ಅವಳಿಗೆ ಇಷ್ಟವಿರಲಿಲ್ಲ. ಅವಳು ಬಸ್ಸು ಹತ್ತಿದಾಗಲೆಲ್ಲ ಕೈಯಕ್ಕನಿಗೆ ತುಂಬ ನೋವಾಗುತ್ತಿತ್ತು.

ಇದಾಗಿ ಕೆಲವು ವರ್ಷಕ್ಕೆ ಗಾಜಿನ ರೈಲು ಬಂತು. ಬೇಗ ತಲುಪಲಿಲ್ಲವೆಂದು ಒಂದು ರೈಲನ್ನು ಬೈಯುವ ಜನವೇ ನಿಧಾನವಾಗಿ ಹೋಗಲೆಂದು ಇನ್ನೊಂದು ರೈಲು ಹತ್ತುತ್ತಾರೆ ಎಂದರೆ ಊರಿನಲ್ಲಿ ಮೊದಲು ಯಾರೂ ನಂಬಲಿಲ್ಲ. ಬಂದೇ ಬಂತು. ಸೂರಿನವರೆಗೂ ಗಾಜು, ಮೆತ್ತನೆಯ ಸೀಟು, ಒಳಗೆ ಕ್ಯಾಮೆರಾ ಹಿಡಿದ ಜನ. ಅವರು ನೋಡಲು ಬಂದದ್ದು ಸಮುದ್ರವನ್ನು, ಗುಡ್ಡವನ್ನು, ನಡುವೆ ಮೂಲೆಯಲ್ಲಿ ಬಿದ್ದಿರುವ ಊರುಗಳನ್ನು. ತಾವು ಮೂಲೆಯಲ್ಲಿದ್ದೇವೆಂದು ಊರಿನವರಿಗೆ ಗೊತ್ತಾದದ್ದೂ ಆಗಲೇ. ಅದನ್ನು ಓಡಿಸುತ್ತಿದ್ದವನು ಮೀಸೆ. ಮೀಸೆ ಆಗ ಬೆಳ್ಳಗಾಗಿತ್ತು. ಕೊನೆಯ ಡಬ್ಬಿಯಲ್ಲಿ ಮೈಕ್ ಹಿಡಿದು ದಾರಿಯ ವಿಷಯ ಹೇಳುತ್ತಿದ್ದವಳು, ಮೇಲಿನ ಪಟ್ಟಣದ ಆ ಮನೆಯ ಕೆಲಸದಿಂದ ಇದಕ್ಕೆ ಬಂದಿದ್ದ ಕೈಯಕ್ಕನ ಮಗಳು.

ಗಾಜಿನ ರೈಲಿಗೆ ಈ ಹಾಲ್ಟಿನಲ್ಲಿ ನಿಲ್ಲುವ ಕೆಲಸವಿರಲಿಲ್ಲ. ಮಧ್ಯಾಹ್ನ ನಿಧಾನಕ್ಕೆ ಬರುತ್ತಿತ್ತು, ನಿಧಾನಕ್ಕೆ ಹೋಗುತ್ತಿತ್ತು. ಒಳಗಿನವರು ಕೈ ಬೀಸುತ್ತಿದ್ದರು. ಹೊರಗಿನವರು ಕೈಯನ್ನು ಜೇಬಿಗೆ ಇಳಿಸುತ್ತಿದ್ದರು. ಒಳಗಿನವರು ಇನ್ನೂ ಜೋರಾಗಿ ಬೀಸುತ್ತಿದ್ದರು, ಹೊರಗಿನವರು ಜೇಬಿನೊಳಗೇ ಮುಷ್ಟಿ ಕಟ್ಟುತ್ತಿದ್ದರು. ಇಷ್ಟು ಚಂದದ ಜಾಗದಲ್ಲಿ ಇಂಥ ಸಿಡುಕು ಜನವೇ ಎಂದುಕೊಂಡು ಪ್ರವಾಸಿಗಳು ಮುಂದೆ ಹೋಗುತ್ತಿದ್ದರು. ಕೈಯಕ್ಕ ಬಿಳಿ ಕಲ್ಲಿನ ಪಕ್ಕ ನಿಂತು ಕೊನೆಯ ಡಬ್ಬಿಗೆ ಕಾಯುತ್ತಿದ್ದಳು. ಅದು ಎದುರಿಗೆ ಬರುವ ಹೊತ್ತಿಗೆ ಸರಿಯಾಗಿ ಮಗಳು ಕಟ್ಟೆಗೆ ಬೆನ್ನು ಹಾಕಿ ಸಮುದ್ರದ ಕಡೆಗೆ ಬೆರಳು ತೋರಿಸುತ್ತಿರುತ್ತಿದ್ದಳು. ಅಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ, ಬರೀ ನೀರು.

ಒಮ್ಮೆ ಊರಿನ ಶಾಲೆಯ ಮೇಡಂ ಆ ರೈಲಿನಲ್ಲಿ ಹೋಗಿಬಂದರು. ಮರುದಿನ ಟಿಕೆಟ್ ಕಿಟಕಿಯ ಹತ್ತಿರ ನಿಂತು ಸಂಭ್ರಮದಿಂದ ಹೇಳಿದರು.

"ನಿಮ್ಮ ಮಗಳು ಎಷ್ಟು ಚೆನ್ನಾಗಿ ಮಾತಾಡ್ತಾಳೆ ಕೈಯಕ್ಕ! ನಮ್ಮೂರು ಬಂದಾಗ ಒಬ್ರು ಕೇಳಿದ್ರು, ಇಲ್ಲಿ ಜನ ಯಾಕೆ ಕೈ ಬೀಸಲ್ಲ ಅಂತ. ಇಲ್ಲಿ ಕೈ ಎತ್ತಿದ್ರೆ ರೈಲು ನಿಂತುಬಿಡತ್ತೆ ಅಂದ್ಲು. ಎಲ್ರೂ ನಕ್ರು. ಆಮೇಲೆ, ನಿಲ್ಲಿಸಬೇಕಾದ ಗಾಡೀನೂ ಕೆಲವರು ನಿಲ್ಲಿಸಲ್ಲ ಅಂದ್ಲು. ಅದೇನು ಜೋಕೋ, ನಂಗೆ ಅರ್ಥ ಆಗ್ಲಿಲ್ಲ."

"ನಂಗೂ ಆಗ್ಲಿಲ್ಲ," ಎಂದಳು ಕೈಯಕ್ಕ. ಅವಳ ಕಿವಿ ಕೆಂಪಾಯಿತು.

ಆವತ್ತು ಕಟ್ಟೆಯನ್ನು ಎರಡು ಸಲ ಗುಡಿಸಿದಳು. ಮಗಳು ಮರೆತಿರಬಹುದು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಮರೆತಿರಲಿಲ್ಲ. ಅಮ್ಮನಿಗೆ ತಾನು ಬೇಡವಾಗಿದ್ದೆ ಎಂದು ನಂಬಿಕೊಂಡೇ ಆ ಹುಡುಗಿ ದಿನವೂ ಈ ಕಟ್ಟೆ ದಾಟುತ್ತಿದ್ದಳು.

ಅದೇ ಚಳಿಗಾಲದಲ್ಲಿ ರೈಲ್ವೆಯವರು ಬಂದು ಬಿಳಿ ಕಲ್ಲಿನ ಪಕ್ಕದಲ್ಲಿ ಒಂದು ಕಂಬ ನೆಟ್ಟರು. ಕಂಬಕ್ಕೊಂದು ಹಸಿರು ಬಟನ್, ಮೇಲೊಂದು ದೀಪ. ಹತ್ತುವವರು ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಗಾಡಿ ನಿಲ್ಲುತ್ತದೆ. ಡ್ರೈವರ್‌ಗಳು ಇನ್ನು ದೀಪ ನೋಡಿದರೆ ಸಾಕು, ಕೈ ನೋಡಬೇಕಾಗಿಲ್ಲ.

"ಇಷ್ಟು ವರ್ಷ ದುಡಿದಿದ್ದೀರಿ. ಇನ್ಮೇಲೆ ನಿಮ್ಮ ಕೈಗೆ ರೆಸ್ಟು," ಎಂದ ಬಟನ್ ಕೂರಿಸಿದ ಮೆಕ್ಯಾನಿಕ್.

"ಈಗ ಎತ್ತಿದ್ರೆ?"

"ಏನೂ ಆಗಲ್ಲಮ್ಮ. ನಿಮ್ಮ ಕೈ, ನಿಮ್ಮಿಷ್ಟ."

ಮನೆಯಲ್ಲಿ ರಿಪೇರಿಯವನು, "ರೈಲ್ವೆಯವ್ರು ನಿಂಗೆ ಕೈ ಕೊಟ್ರು," ಎಂದು ನಕ್ಕ. ಹೆಂಡತಿ ನಗದಿದ್ದದ್ದನ್ನು ನೋಡಿ, "ಬೇಜಾರಾಯ್ತಾ?" ಎಂದು ಕೇಳಿದ.

"ಇಲ್ಲ. ಯೋಚ್ನೆ ಮಾಡ್ತಿದ್ದೀನಿ."

ಮರುದಿನ ಮಧ್ಯಾಹ್ನ ಕೈಯಕ್ಕ ಕೆಲಸವಿಲ್ಲದಿದ್ದರೂ ಕಟ್ಟೆಗೆ ಬಂದಳು. ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಅಭ್ಯಾಸಬಲದಿಂದ ಬೆನ್ನ ಹಿಂದೆ ಹೋದವು, ಮುಂದಕ್ಕೆ ತಂದುಕೊಂಡಳು, ಮತ್ತೆ ಹಿಂದೆ ಹೋದವು. ತಿರುವಿನಲ್ಲಿ ಗಾಜಿನ ರೈಲು ಕಾಣಿಸಿತು. ಕೆಳಗೆ ಬಲೆ ಒಣಗಿಸುತ್ತಿದ್ದವರು ಜೇಬಿಗೆ ಕೈ ಹಾಕಿದರು. ಬಟನ್ ಬಂದರೂ ಅವರಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಎಂಜಿನ್ ದಾಟಿತು. ಮೀಸೆ ತನ್ನ ಅಭ್ಯಾಸದಂತೆ ಕತ್ತು ಹೊರಗೆ ಹಾಕಿ ಹಿಂದಕ್ಕೆ ನೋಡುತ್ತಿದ್ದ. ಒಂದೊಂದೇ ಡಬ್ಬಿ ಹೋಯಿತು. ಕೊನೆಯದು ಬಂತು, ಮಗಳ ಬೆನ್ನು ಬಂತು.

ಕೈಯಕ್ಕ ಟಾಟಾ ಮಾಡಬೇಕೆಂದುಕೊಂಡಳು. ಹೇಗೆ ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಬಲಗೈ ತನಗೆ ಬರುವ ಒಂದೇ ರೀತಿಯಲ್ಲಿ ಮೇಲೆ ಹೋಯಿತು. ನೆಟ್ಟಗೆ, ಅಲುಗಾಡದೆ.

ಕೀರ್ ಎಂದು ಬ್ರೇಕ್ ಬಿತ್ತು. ಒಳಗೆ ಕ್ಯಾಮೆರಾಗಳು, ಕಾಫಿ ಕಪ್ಪುಗಳು, ಒಬ್ಬ ದಪ್ಪ ಯಜಮಾನರು ಮುಂದಕ್ಕೆ ಜಾರಿದರು. ಗಾಡಿ ನಿಂತಿತು. ಕಂಬದ ಮೇಲೆ ದೀಪ ಹತ್ತಿರಲಿಲ್ಲ. ಮೀಸೆಗೆ ಆ ದೀಪದ ನೆನಪೇ ಇರಲಿಲ್ಲ.

"ಏನಕ್ಕಾ? ಯಾರು ಬಿದ್ರು?" ಎಂದು ಅವನು ಅಲ್ಲಿಂದಲೇ ಕೂಗಿದ.

ಕೊನೆಯ ಡಬ್ಬಿಯ ಬಾಗಿಲು ತೆರೆದು ಮಗಳು ಕಟ್ಟೆಗೆ ಇಳಿದಳು. ಮುಖ ಬಿಳುಚಿತ್ತು.

"ಏನಾಯ್ತಮ್ಮ? ಅಪ್ಪಂಗೇನಾದ್ರೂ...?"

"ಅಪ್ಪ ಚೆನ್ನಾಗಿದ್ದಾರೆ. ಮನೇಲಿ ಎಂಜಿನ್ ಬಿಚ್ಚಿ ನೆಲವೆಲ್ಲ ಎಣ್ಣೆ ಮಾಡ್ಕೊಂಡು ಕೂತಿದ್ದಾರೆ."

"ಮತ್ತೆ ಹತ್ತೋರು ಯಾರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಕೈ ಎತ್ತಿದ್ಯಾ? ನೀನು?"

"ನಿನ್ನ ನೋಡಿ ಎತ್ತಿದೆ. ನಿಲ್ಲತ್ತೆ ಅಂದ್ಕೊಂಡಿರ್ಲಿಲ್ಲ."

ಮಗಳು ಆ ಕೈಯನ್ನೇ ನೋಡಿದಳು. ಅದು ಇನ್ನೂ ಮೇಲೆಯೇ ಇತ್ತು. ಕೈಯಕ್ಕ ಅದನ್ನು ಇಳಿಸಲು ಮರೆತಿದ್ದಳು.

"ಆವತ್ತು ಎತ್ತಬೇಕಿತ್ತು," ಎಂದಳು ಮಗಳು.

"ಆವತ್ತು ಎತ್ತಿದ್ರೆ ನೀನು ಇಳೀತಿದ್ದೆ."

"ಇಳೀತಿದ್ದೆ!"

"ಇಳಿದು ಇಲ್ಲೇ ನಿಲ್ತಿದ್ದೆ. ಈ ಕಲ್ಲಿನ ಪಕ್ಕ, ಹಿಂದೆ ಕೈ ಕಟ್ಕೊಂಡು." ಕೈಯಕ್ಕ ಅಷ್ಟಕ್ಕೇ ಬಿಡದೆ ಹೇಳಿ ಮುಗಿಸಿದಳು. "ನಂಗೆ ಬೇಕಾಗಿತ್ತು ಕಣೇ. ಎತ್ತಬೇಕು ಅಂತ ಕೈ ಎಷ್ಟು ಒದ್ದಾಡ್ತು ಅಂತ ನಿಂಗೊತ್ತಿಲ್ಲ. ಇನ್ನೊಂದು ಕೈಯಲ್ಲಿ ಹಿಡ್ಕೊಂಡಿದ್ದೆ."

ಮಗಳು ಅಮ್ಮನ ಮೇಲೆತ್ತಿದ ಕೈಯನ್ನು ಹಿಡಿದು ಕೆಳಗೆ ಇಳಿಸಿದಳು. ಇಳಿಸಿದ ಮೇಲೂ ಬಿಡಲಿಲ್ಲ. ಗಾಜಿನ ಹಿಂದಿನಿಂದ ಪ್ರವಾಸಿಗಳು ಇವರಿಬ್ಬರನ್ನೂ ನೋಡುತ್ತಿದ್ದರು. ಅವರಿಗೆ ಇದು ಕಾರ್ಯಕ್ರಮದ ಭಾಗವೋ ಅಲ್ಲವೋ ತಿಳಿಯಲಿಲ್ಲ.

"ಹತ್ತೋರಿದ್ರೆ ಹತ್ರಮ್ಮಾ! ನಂಗೆ ಮೇಲಿನಿಂದ ಬೈತಾರೆ!" ಎಂದು ಮೀಸೆ ಕೂಗಿದ.

"ಭಾನುವಾರ ಬರ್ತೀನಿ. ಬಸ್ಸಲ್ಲಿ ಅಲ್ಲ, ರೈಲಲ್ಲಿ," ಎಂದಳು ಮಗಳು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು. "ಅಮ್ಮಾ, ಗಾಡಿ ಹೊರಟ್ಮೇಲೆ ಇನ್ನೊಂದ್ಸಲ ಎತ್ತು."

"ಮತ್ತೆ ನಿಂತ್ರೆ?"

ಮಗಳು ಮುಂದೆ ನೋಡಿ ಕೂಗಿದಳು. "ಮಾವಾ! ಈ ಸಲ ನೋಡ್ಬೇಡಿ!"

ಮೀಸೆಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವನು ಎಂಜಿನ್ ಹೊರಡಿಸಿ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕೊನೆಯ ಡಬ್ಬಿ ಕಟ್ಟೆ ದಾಟುವ ಮೊದಲೇ ಕತ್ತನ್ನು ಒಳಗೆ ಎಳೆದುಕೊಂಡ. ಅದೂ ಸಾಲದೆಂದು ಆ ಕಡೆಯ ಕಿಟಕಿಯನ್ನೂ ಮುಚ್ಚಿದ.

ಗಾಡಿ ಕದಲಿತು. ಕೈಯಕ್ಕ ಕೈ ಎತ್ತಿದಳು. ಕೊನೆಯ ಡಬ್ಬಿಯ ಬಾಗಿಲಿನಲ್ಲಿ ನಿಂತು ಮಗಳೂ ಎತ್ತಿದಳು. ಬೀಸುವುದು ಇಬ್ಬರಿಗೂ ಬರುತ್ತಿರಲಿಲ್ಲ. ಎರಡು ಕೈಗಳೂ ನೆಟ್ಟಗೆ, ಅಲುಗಾಡದೆ ಮೇಲೆ ನಿಂತವು. ರೈಲು ನಿಲ್ಲದೆ ಗುಡ್ಡದ ಕಡೆಗೆ ಹೊರಳಿ, ತಿರುವಿನಲ್ಲಿ ಮರೆಯಾಗುವವರೆಗೂ ಹಾಗೆಯೇ ಇದ್ದವು.